ಮುಳುಗಿದ ಊರಿನ ಸರ್ವೆ ನಂಬರು

ಪ್ರಶ್ನೆ: ನಮ್ಮ ಮುತ್ತಜ್ಜನ ಊರು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿತ್ತು. ಹಾರಂಗಿ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು, ಅಜ್ಜ ಪರಿಹಾರದ ಹಣ ಪಡೆದು ಹುಣಸೂರಿನ ಕಡೆಗೆ ಬಂದು ನೆಲೆಸಿದರು. ನಾವು ಲಿಂಗಾಯತರು. ಮುತ್ತಜ್ಜನನ್ನು ಊರ ಹೊರಗಿನ ದಿಣ್ಣೆಯ ಮೇಲೆ ಸಮಾಧಿ ಮಾಡಿದ್ದರೆಂದು ಅಪ್ಪ ಹೇಳುತ್ತಿದ್ದರು. ಅಪ್ಪ ಈಗಿಲ್ಲ. ಮೊಬೈಲಿನ ನಕ್ಷೆಯಲ್ಲಿ ಆ ಊರಿನ ಹೆಸರೇ ಸಿಗುವುದಿಲ್ಲ. ಆ ದಿಣ್ಣೆ ಈಗ ನೀರಿನ ಮೇಲಿದೆಯೋ ಕೆಳಗಿದೆಯೋ ತಿಳಿಯುವ ದಾರಿ ಉಂಟೆ?
— ಓದುಗರೊಬ್ಬರು, ಮೈಸೂರು

ಉತ್ತರ: ದಾರಿ ಉಂಟು, ಆದರೆ ದಯವಿಟ್ಟು ಸಮಾಧಿಯಿಂದ ಹುಡುಕಾಟ ಆರಂಭಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ ಒಕ್ಕಲು ಕುಟುಂಬದ ಸಮಾಧಿಗಳ ಮೇಲೆ ಹೆಸರು, ಇಸವಿ ಕೆತ್ತಿಸುವ ರೂಢಿ ಇದ್ದದ್ದು ಕಡಿಮೆ. ಒಂದು ಕಲ್ಲು, ಅದರ ಪಕ್ಕದಲ್ಲೊಂದು ಬಿಲ್ವದ ಗಿಡ, ಹೆಚ್ಚೆಂದರೆ ಮಣ್ಣಿನ ಒಂದು ಗದ್ದುಗೆ ಇರುತ್ತಿತ್ತು. ಅದು ಯಾರ ಸಮಾಧಿ ಎಂಬುದನ್ನು ಆ ಕಲ್ಲಿನಿಂದ ತಿಳಿಯಲಾಗದು. ಅದು ಯಾರ ಜಮೀನಿನ ಮಗ್ಗುಲಲ್ಲಿದೆ, ಯಾವ ದಾರಿಯ ಕೊನೆಗಿದೆ ಎಂಬುದರಿಂದ ಮಾತ್ರ ತಿಳಿಯಬಹುದು. ಆದ್ದರಿಂದ ಮೊದಲು ನಿಮ್ಮ ಕೈಗೆ ಬರಬೇಕಾದದ್ದು ಮುತ್ತಜ್ಜನ ಗದ್ದೆಯ ಸರ್ವೆ ನಂಬರು.

ಮುಳುಗಡೆಯ ಊರುಗಳ ವಿಷಯದಲ್ಲಿ ಒಂದು ಅನುಕೂಲವಿದೆ. ತಾನಾಗಿ ಬರಿದಾದ ಊರು ಕಾಗದಪತ್ರ ಬಿಟ್ಟುಹೋಗುವುದು ಅಪರೂಪ, ಸರ್ಕಾರ ಸ್ವಾಧೀನಪಡಿಸಿಕೊಂಡ ಊರಿಗಾದರೆ ಕಟ್ಟುಗಟ್ಟಲೆ ಕಾಗದವಿರುತ್ತದೆ. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರ 4ನೇ ಕಲಮಿನ ಪ್ರಾಥಮಿಕ ಅಧಿಸೂಚನೆಯನ್ನೂ 6ನೇ ಕಲಮಿನ ಘೋಷಣೆಯನ್ನೂ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿತ್ತು, ಆಮೇಲೆ 11ನೇ ಕಲಮಿನಂತೆ ಭೂಸ್ವಾಧೀನಾಧಿಕಾರಿ ಐತೀರ್ಪು (ಪರಿಹಾರ ನಿಗದಿಪಡಿಸುವ ಆದೇಶ) ಬರೆಯುತ್ತಿದ್ದರು. ನಿಮಗೆ ಬೇಕಾದದ್ದು ಈ ಐತೀರ್ಪು. ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು ಅದರಲ್ಲಿ ಇರುತ್ತವೆ. ಪರಿಹಾರ ಲೆಕ್ಕ ಹಾಕಬೇಕಾಗಿದ್ದರಿಂದ ಮನೆ, ಬಾವಿ, ಮರಗಳನ್ನು ಕೂಡ ಎಣಿಸಿ ಬರೆದಿರುತ್ತಾರೆ.

ನನ್ನ ತಾಯಿಯ ತವರೂರು ಇಂಥದೇ ಒಂದು ಯೋಜನೆಯಲ್ಲಿ ಹೋಯಿತು. ಕಡತ ನಾಶವಾಗಿದೆ ಎಂದು ಒಂದು ಕಚೇರಿಯಲ್ಲಿ ಎರಡು ಸಲ ಹೇಳಿ ಕಳುಹಿಸಿದರು. ಕೊನೆಗೆ ಅದು ಪಕ್ಕದ ತಾಲ್ಲೂಕಿನ ಕಟ್ಟಿನಲ್ಲಿ ಸಿಕ್ಕಿತು. ನಮ್ಮ ತಾತನ ಹೆಸರಿನ ಎದುರಿಗೆ ‘ಹೆಂಚಿನ ಮನೆ 1, ಕಲ್ಲು ಕಟ್ಟಿದ ಬಾವಿ 1, ಹಲಸು 3, ಹುಣಸೆ 1’ ಎಂದಿತ್ತು. ಎಂಬತ್ತು ದಾಟಿದ ಅಮ್ಮ ಆ ಜೆರಾಕ್ಸ್ ಪ್ರತಿಯ ಹುಣಸೆಯ ಸಾಲಿನ ಮೇಲೆ ಬೆರಳಿಟ್ಟು, “ಈ ಮರದ ಎಡಕ್ಕೆ ಇಳಿದರೆ ಸ್ಮಶಾನದ ದಾರಿ” ಎಂದರು. ಅದಕ್ಕೆ ಮೊದಲು ಹತ್ತು ಸಲ ಕೇಳಿದಾಗಲೂ ಅವರಿಗೆ ಆ ದಾರಿ ನೆನಪಾಗಿರಲಿಲ್ಲ. ಹಾಗಾಗಿ ನಿಮ್ಮ ಅಪ್ಪನ ಓರಗೆಯವರು, ಅವರಿಲ್ಲದಿದ್ದರೆ ಅದೇ ಊರಿನಿಂದ ಎದ್ದು ಬಂದ ಬೇರೆ ಮನೆಯವರು ಯಾರಾದರೂ ಉಳಿದಿದ್ದರೆ, ಕಾಗದ ಸಿಕ್ಕ ದಿನವೇ ಅದನ್ನು ಅವರ ಮುಂದೆ ಓದಿ ಎಂಬುದು ನನ್ನ ಮನಃಪೂರ್ವಕ ಸಲಹೆ.

ಕಡತ ಕೇಳುವಾಗ ಆಡಳಿತದ ಗಡಿಗಳು ಬದಲಾಗಿರುವುದನ್ನು ಮರೆಯಬೇಡಿ. ಅಣೆಕಟ್ಟಿರುವ ಹುದುಗೂರಿನ ಭಾಗ ಈಗ ಹೊಸ ಕುಶಾಲನಗರ ತಾಲ್ಲೂಕಿಗೆ ಸೇರಿದೆ, ಹಳೆಯ ದಾಖಲೆ ಸೋಮವಾರಪೇಟೆಯಲ್ಲೇ ಉಳಿದಿರಬಹುದು. ಅದಕ್ಕೂ ಹಿಂದಿನ ಕಾಗದಗಳಲ್ಲಿ ನಂಜರಾಜಪಟ್ಟಣ ತಾಲ್ಲೂಕು, ಏಳುಸಾವಿರ ಸೀಮೆ ಎಂಬ ಹೆಸರುಗಳು ಬರುತ್ತವೆ, ಕುಶಾಲನಗರ ಫ್ರೇಜರ್‌ಪೇಟೆ ಆಗಿರುತ್ತದೆ. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಆದ್ದರಿಂದ ಆ ದಿನಾಂಕಕ್ಕಿಂತ ಹಿಂದಿನದನ್ನು ಮೈಸೂರು ರಾಜ್ಯದ ಕಡತಗಳಲ್ಲಿ ಹುಡುಕಿ ಕಾಲ ಕಳೆಯಬೇಡಿ. ಬಾಯಿಮಾತಿನಲ್ಲಿ ಕೇಳಿದರೆ ‘ಇಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಲಿಖಿತವಾಗಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿಯಲ್ಲಿ ಗ್ರಾಮ ನಕ್ಷೆಯನ್ನೂ ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಪ್ರತಿಯನ್ನೂ ಸೇರಿಸಿ ಕೇಳಿ. ಜನವಸತಿ ಇಲ್ಲದ ಊರನ್ನು ಕಂದಾಯದವರು ‘ಬೇಚರಾಕ್ ಗ್ರಾಮ’ ಎನ್ನುತ್ತಾರೆ. ಮನೆಗಳಿಲ್ಲದೆ ಹೋದರೂ ಅಂಥ ಗ್ರಾಮದ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಸ್ಮಶಾನದ ಜಾಗ ಹಲವು ಕಡೆ ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಾಗದ ಜಾಗ) ಎಂದೋ, ಕೊಡಗಿನ ಮಾತಿನಲ್ಲಿ ‘ಪೈಸಾರಿ’ (ಸರ್ಕಾರಿ ಬೀಳು ಜಮೀನು) ಎಂದೋ ನಮೂದಾಗಿರುವುದರಿಂದ ಆ ಕಲಂಗಳನ್ನು ನಿಧಾನವಾಗಿ ನೋಡಿ.

ಇನ್ನು ದಿಣ್ಣೆ ನೀರಿನ ಮೇಲಿದೆಯೇ ಎಂಬ ಪ್ರಶ್ನೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2859 ಅಡಿ, ಅಂದರೆ ಸುಮಾರು 871 ಮೀಟರು. ಅಣೆಕಟ್ಟಿಗೆ ಮುಂಚಿನ ಸರ್ವೆ ಆಫ್ ಇಂಡಿಯಾ ನಕ್ಷೆಯನ್ನು ಸಂಪಾದಿಸಿ. ಕೊಡಗಿನ ಬಹುಪಾಲು 48ಪಿ ಸಂಖ್ಯೆಯ ಹಾಳೆಗಳಲ್ಲಿದೆ. ಅದರಲ್ಲಿ ಊರುಗಳು, ದಾರಿಗಳು, ಸಮಎತ್ತರದ ರೇಖೆಗಳು ಇರುತ್ತವೆ. ಜನರಿರುವ ಊರಿಗೆ ಒಂದು ಗುರುತು, ಪಾಳುಬಿದ್ದ ಊರಿಗೆ ಇನ್ನೊಂದು, ಗೋರಿಗಳಿಗೆ ಮತ್ತೊಂದು ಗುರುತು ಹಾಳೆಯ ಅಂಚಿನ ಸೂಚಿಯಲ್ಲೇ ಕಾಣುತ್ತದೆ. ಗ್ರಾಮ ನಕ್ಷೆಯ ಸ್ಮಶಾನವನ್ನು ಈ ಹಾಳೆಯ ಮೇಲೆ ಹೊಂದಿಸಿ, 2859 ಅಡಿಯ ಎತ್ತರ ಎಲ್ಲಿ ಹಾದುಹೋಗುತ್ತದೆಂದು ಪೆನ್ಸಿಲಿನಿಂದ ಗೆರೆ ಎಳೆದರೆ ನಿಮ್ಮ ದಿಣ್ಣೆ ಯಾವ ಕಡೆ ಬಿತ್ತೆಂದು ಮನೆಯಲ್ಲೇ ಕುಳಿತು ತಿಳಿಯಬಹುದು. ಅದು ಮೇಲಿದ್ದರೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ನೀರು ತಗ್ಗಿರುವಾಗ, ನೀರಾವರಿ ಮತ್ತು ಅರಣ್ಯ ಇಲಾಖೆಗಳ ಅನುಮತಿ ಪಡೆದು, ಸ್ಥಳ ಬಲ್ಲವರೊಬ್ಬರನ್ನು ಕರೆದುಕೊಂಡೇ ಹೋಗಿ. ಆ ಕಡೆ ಆನೆಗಳ ಓಡಾಟವಿದೆ. ಕೆಳಗಿದ್ದರೆ ಆ ದಿಣ್ಣೆಗೆ ಎದುರಾದ ದಡದಲ್ಲಿ ನಿಂತು ನೀರಿಗೇ ವಿಭೂತಿ ಪತ್ರೆ ಅರ್ಪಿಸಿ ಬನ್ನಿ. ಅದೂ ಹಿರಿಯರಿಗೆ ಸಲ್ಲುತ್ತದೆಂದೇ ನಾನು ನಂಬಿದ್ದೇನೆ.

ಕುಟುಂಬದ ಹಿಂದಿನ ತಲೆಮಾರುಗಳ ಹೆಸರಿಗಾಗಿ ಹೆಳವರನ್ನು ವಿಚಾರಿಸಿ. ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಮನೆಯಂಗಳದಲ್ಲಿ ಓದಿ ಹೇಳುವ ಅವರು ಒಕ್ಕಲು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನೂ ಬರೆದುಕೊಂಡಿರುತ್ತಾರೆ.

ಪ್ರಶ್ನೆ: ಸೋಮವಾರಪೇಟೆಯ ಬಳಿ ನಮ್ಮ ತೋಟದ ಮೇಲಿನ ಬಾಣೆಯಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಕೋಣೆಗಳಿವೆ. ಇವು ನಮ್ಮ ಪೂರ್ವಿಕರ ಸಮಾಧಿಗಳೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ವರ್ಣನೆಯಂತಿದ್ದರೆ ಅವು ಬೃಹತ್ ಶಿಲಾಯುಗದ ಸಮಾಧಿಗಳು. ಜನ ಇವನ್ನು ಪಾಂಡವರ ಮನೆ, ಪಾಂಡುಪಾರೆ ಎನ್ನುತ್ತಾರೆ. ಇಂಥವು ದೊಡ್ಡಮೊಳ್ತೆಯಲ್ಲೂ ಇವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಜನರಿಗೂ ಇಂದಿನ ಯಾವುದೇ ಒಂದು ಮನೆತನಕ್ಕೂ ನೇರ ನಂಟು ಕಟ್ಟಲಾಗದು. ನಿಧಿಯಾಸೆಗೆ ಅಗೆಯುವವರ ಕಣ್ಣಿಗೆ ಬೀಳುವ ಮುನ್ನ ಪುರಾತತ್ತ್ವ ಇಲಾಖೆಗೆ ತಿಳಿಸಿ. ಚಪ್ಪಡಿಯನ್ನು ಸರಿಸಬೇಡಿ, ಒಳಗಿನ ಮಣ್ಣನ್ನು ಕೆದಕಬೇಡಿ.

ಪ್ರಶ್ನೆ: ನಾವು ಜೇನುಕುರುಬರು. ಅಜ್ಜಿ ಹುಟ್ಟಿದ ಹಾಡಿ ನಾಗರಹೊಳೆ ಕಾಡಿನೊಳಗಿತ್ತು, ಈಗ ಅಲ್ಲಿ ಒಂದು ಮನೆಯೂ ಇಲ್ಲ. ಹಿರಿಯರನ್ನು ಮಣ್ಣು ಮಾಡಿದ ಜಾಗ ಅಜ್ಜಿಗೆ ಮಾತ್ರ ಗೊತ್ತು. ನಮ್ಮ ಬಳಿ ಯಾವ ಕಾಗದವೂ ಇಲ್ಲ. ಇದಕ್ಕೆ ಬೆಲೆ ಇದೆಯೇ?
— ಓದುಗರೊಬ್ಬರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಖಂಡಿತ ಇದೆ, ಕಾನೂನಿನ ಕಣ್ಣಿನಲ್ಲೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದು ಯಾವುದನ್ನು ಸಾಕ್ಷ್ಯವೆಂದು ಪರಿಗಣಿಸಬೇಕೆಂದು ಹೇಳುತ್ತದೆ. ಹಳೆಯ ಬಾವಿ, ಪವಿತ್ರ ಸ್ಥಳಗಳ ಜೊತೆಯಲ್ಲೇ ಅದು ಸಮಾಧಿ ಸ್ಥಳಗಳನ್ನೂ ಹೆಸರಿಸಿದೆ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕೆಂಬ ನಿಯಮವಿರುವುದರಿಂದ ಸಮಾಧಿಯ ಜಾಗ ಮತ್ತು ಹಿರಿಯರ ಹೇಳಿಕೆ ಎರಡನ್ನೂ ಜೋಡಿಸಿ. ಪುನರ್ವಸತಿಯ ಹಕ್ಕು ಸಿಗದೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟ ಬುಡಕಟ್ಟು ಕುಟುಂಬಗಳಿಗಾಗಿ ಕಾಯ್ದೆಯ 3(1)(ಎಂ) ಕಲಮಿದೆ. ಅದನ್ನು ನಿಮ್ಮ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದೆ ಓದಿಸಿ. ವೈಯಕ್ತಿಕ ಹಕ್ಕಿಗೆ ‘ಎ’ ನಮೂನೆ, ಹಾಡಿಯ ಎಲ್ಲರಿಗೂ ಸೇರಿದ ಹಕ್ಕಿಗೆ ‘ಬಿ’ ನಮೂನೆ.

ಇವೆಲ್ಲಕ್ಕೂ ಮೊದಲು ಈ ವಾರವೇ ಅಜ್ಜಿಯ ಜೊತೆ ಕುಳಿತು ಅವರ ಮಾತನ್ನು ಅವರದೇ ನುಡಿಯಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಯಾವ ಕೊಲ್ಲಿ (ಕಾಡಿನ ತೊರೆ) ದಾಟಿ, ಯಾವ ಮರ ಬಲಕ್ಕೆ ಬಿಟ್ಟು, ಎಷ್ಟು ದೂರ ಎಂದು ಕೇಳಿ. ಯಾರ ಪಕ್ಕದಲ್ಲಿ ಯಾರನ್ನು ಮಲಗಿಸಿದ್ದಾರೆಂದು ಹೆಸರು ಹಿಡಿದು ಕೇಳಿ. ಅಜ್ಜಿಗೆ ನಡೆಯುವ ಶಕ್ತಿಯಿದ್ದರೆ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ ಸಮಿತಿಯವರ ಜೊತೆಯಲ್ಲಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಜಾಗದ ಜಿಪಿಎಸ್ ಗುರುತನ್ನು ಸ್ಥಳದಲ್ಲೇ ಬರೆದುಕೊಂಡು ಎಲ್ಲರ ಸಹಿ ಹಾಕಿಸಿ. ಆ ಹಾಳೆಯ ಒಂದು ಪ್ರತಿ ಅಜ್ಜಿಯ ಬಳಿಯೂ ಇರಲಿ.