ವಾಲ್ವ್ ತುದಿಯ ಗುರುತು ಅಂಚಿಗೆ ಸರಿದಿದ್ದರೆ

ಎಂಜಿನ್ನಿನಲ್ಲಿ ಹೆಚ್ಚು ಲಿಫ್ಟ್‌ನ (ವಾಲ್ವನ್ನು ಹೆಚ್ಚು ತೆರೆಯುವ) ಕ್ಯಾಮ್‌ಶಾಫ್ಟ್, ಉದ್ದನೆಯ ವಾಲ್ವ್, ರೋಲರ್ ರಾಕರ್ (ವಾಲ್ವ್ ಒತ್ತುವ, ತುದಿಯಲ್ಲಿ ಉರುಳೆಯಿರುವ ಸನ್ನೆ) ಎಲ್ಲವೂ ಹೊಸದು, ಪುಶ್‌ರಾಡ್ (ಕ್ಯಾಮ್‌ನ ಚಲನೆಯನ್ನು ರಾಕರಿಗೆ ಮುಟ್ಟಿಸುವ ಸಲಾಕೆ) ಮಾತ್ರ ಹಳೆಯದು ಎಂದಿದ್ದೀರಿ. ವಾಲ್ವ್ ತುದಿಯಲ್ಲಿ ರೋಲರ್ ಉಜ್ಜಿದ ಗುರುತು ಇಂಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಬರುವ ಕೊಳವೆ) ಕಡೆಯ ಅಂಚಿಗೆ ಬಂದಿದೆ, ಗೈಡ್ ಪ್ಲೇಟ್ (ಪುಶ್‌ರಾಡನ್ನು ಸಾಲಿನಲ್ಲಿ ಹಿಡಿದಿಡುವ ತಗಡು) ಸರಿಸಿದರೆ ಸಾಕೇ ಎಂಬುದು ಪ್ರಶ್ನೆ. ಸಾಲದು. ಗೈಡ್ ಪ್ಲೇಟ್ ರಾಕರನ್ನು ಅಡ್ಡಕ್ಕೆ ಮಾತ್ರ ಹೊರಳಿಸುತ್ತದೆ. ನಿಮ್ಮ ಗುರುತು ರಾಕರಿನ ಉದ್ದಕ್ಕೆ ಜಾರಿದೆ, ಅದಕ್ಕೆ ಮದ್ದು ಪುಶ್‌ರಾಡ್ ಉದ್ದದಲ್ಲಿದೆ.

ವಾಲ್ವ್ ಉದ್ದವಾದರೆ ಪುಶ್‌ರಾಡ್ ಕೂಡ ಉದ್ದವಾಗಬೇಕು. ಹೆಡ್ ಅಥವಾ ಬ್ಲಾಕ್ ಮೇಲ್ಮೈ ಕೆರೆಸಿದ್ದರೆ ಗಿಡ್ಡವಾಗಬೇಕು. ಎರಡೂ ಆಗಿದ್ದರೆ ಊಹೆ ಬೇಡ, ಅಳೆಯಿರಿ.

ಒಂದು ಸಿಲಿಂಡರಿಗೆ ಮೆತ್ತನೆಯ ಪರೀಕ್ಷಾ ಸ್ಪ್ರಿಂಗ್, ಸಾಲಿಡ್ ಲಿಫ್ಟರ್ (ಕ್ಯಾಮ್ ಮೇಲೆ ಕೂತು ಪುಶ್‌ರಾಡನ್ನು ಎತ್ತುವ, ಒಳಗೆ ಕುಸಿಯದ ಭಾಗ), ಉದ್ದ ಬದಲಿಸಬಹುದಾದ ಪುಶ್‌ರಾಡ್ ಹಾಕಿ. ಅಸಲಿ ಸ್ಪ್ರಿಂಗ್ ಇದ್ದರೆ ಹೈಡ್ರಾಲಿಕ್ (ಒಳಗೆ ಎಣ್ಣೆ ತುಂಬಿರುವ) ಲಿಫ್ಟರ್ ಕುಸಿದು ಅಳತೆ ಸುಳ್ಳಾಗುತ್ತದೆ. ವಾಲ್ವ್ ತುದಿಗೆ ಮಾರ್ಕರ್ ಶಾಯಿ ಬಳಿಯಿರಿ, ಸಡಿಲು ಪೂರ್ತಿ ತೆಗೆಯಿರಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ರಾಕರ್ ಎತ್ತಿ ನೋಡಿ. ಶಾಯಿಯ ನಡುವೆ ಬೆಳ್ಳಗೆ ಹೊಳೆಯುವ ಒಂದು ಪಟ್ಟಿ ಕಾಣುತ್ತದೆ. ಪುಶ್‌ರಾಡನ್ನು ಒಂದೊಂದೇ ಸುತ್ತು ಹೆಚ್ಚಿಸುತ್ತಾ, ಪ್ರತಿ ಸಲವೂ ಶಾಯಿ ಒರೆಸಿ ಹೊಸದಾಗಿ ಬಳಿದು, ಆ ಪಟ್ಟಿ ಅತ್ಯಂತ ಕಿರಿದಾಗುವ ಉದ್ದವನ್ನು ಹುಡುಕಿ.

ಕಿರಿದಾಗುವುದು ಎಂದೆ, ನಡುವಿಗೆ ಬರುವುದು ಎನ್ನಲಿಲ್ಲ. ನನ್ನ ಮೊದಲ ಎಂಜಿನ್ನಿನಲ್ಲಿ ಪಟ್ಟಿಯನ್ನು ಹಟ ಹಿಡಿದು ನಡುವಿಗೆ ತಂದಿದ್ದೆ. ನೋಡಲು ಚೆಂದವಿತ್ತು, ಆದರೆ ತುದಿಯ ಅರ್ಧದಷ್ಟು ಅಗಲವಿತ್ತು. ಆ ಪಕ್ಕದ ನೂಕಾಟಕ್ಕೆ ವಾಲ್ವ್ ಗೈಡ್‌ಗಳು (ವಾಲ್ವ್ ಜಾರುವ ಕೊಳವೆಗಳು) ಮೊಟ್ಟೆಯಾಕಾರಕ್ಕೆ ಸವೆದು, ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗಲೆಲ್ಲ ನೀಲಿ ಹೊಗೆ! ಕಿರಿದಾದ ಪಟ್ಟಿ ನಡುವಿನಿಂದ ತುಸು ಆಚೀಚೆ ಇದ್ದರೆ ಬಿಟ್ಟುಬಿಡಿ. ತೀರಾ ಅಂಚಿನಲ್ಲೇ ಉಳಿದರೆ ತಪ್ಪು ಸ್ಟಡ್‌ನ (ರಾಕರ್ ಕೂರುವ ಬೋಲ್ಟಿನ) ಜಾಗದಲ್ಲೋ ರಾಕರಿನ ಅಳತೆಯಲ್ಲೋ ಇದೆ, ಪುಶ್‌ರಾಡಿನಿಂದ ಅದು ಸರಿಯಾಗದು.

ಹೈಡ್ರಾಲಿಕ್ ಲಿಫ್ಟರ್ ಆದರೆ, ಸಿಕ್ಕ ಉದ್ದಕ್ಕೆ ಪ್ರಿಲೋಡ್ (ಲಿಫ್ಟರಿನ ಒಳಭಾಗವನ್ನು ತುಸು ಒತ್ತಿ ಹಿಡಿಯುವ ಅಳತೆ) ಕೂಡಿಸಿ ಪುಶ್‌ರಾಡ್ ತರಿಸಿ. ಗೈಡ್ ಪ್ಲೇಟ್ ಇರುವುದರಿಂದ ಗಟ್ಟಿಗೊಳಿಸಿದ ಪುಶ್‌ರಾಡೇ ಬೇಕು.

ಗೈಡ್ ಪ್ಲೇಟಿನ ಸರದಿ ಈಗ. ಮೇಲಿನಿಂದ ನೋಡಿ ರೋಲರನ್ನು ವಾಲ್ವ್ ತುದಿಯ ನಡುವೆ ಕೂರಿಸಿ, ಸ್ಟಡ್ ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ನೋಡಿ, ಬಿಗಿಯುವಾಗ ಪ್ಲೇಟ್ ಕದಲುತ್ತದೆ. ತಾನಾಗಿಯೇ ಸಾಲಿಗೆ ಬರುವ, ತುದಿಯಲ್ಲಿ ಅಂಚುಗಳಿರುವ ರಾಕರ್ ನಿಮ್ಮದಾಗಿದ್ದರೆ ಗೈಡ್ ಪ್ಲೇಟ್ ಹಾಕಲೇಬೇಡಿ, ಒಂದು ಇನ್ನೊಂದರ ಜೊತೆ ಜಗ್ಗಾಡುತ್ತದೆ. ಪುಶ್‌ರಾಡ್ ಹೆಡ್ಡಿನ ತೂತಿಗೆ ಎಲ್ಲಿಯೂ ತಾಗಬಾರದು, ಇದನ್ನು ಪೂರ್ತಿ ಲಿಫ್ಟ್‌ನಲ್ಲೂ ನೋಡಿ.

ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರವನ್ನು ಈಗಾಗಲೇ ಅಳೆದಿದ್ದರೂ ಹೊಸ ಪುಶ್‌ರಾಡ್ ಬಂದ ಮೇಲೆ ಮತ್ತೆ ಅಳೆಯಿರಿ, ರಾಕರಿನ ಕೋನ ಬದಲಾದಾಗ ವಾಲ್ವಿಗೆ ಸಿಗುವ ಲಿಫ್ಟ್ ಕೂಡ ಬದಲಾಗಿರುತ್ತದೆ.