ಉಜ್ಜಬೇಡಿ, ಮೊದಲು ನಂಬರ್ ಓದಿ

ಪ್ರಶ್ನೆ: ಬ್ರಿಟನ್ನಿನ ಹಳೆಯ ವಾಯುನೆಲೆಯ ಅಂಚಿನಲ್ಲಿ, ಜಮೀನಿನವರ ಒಪ್ಪಿಗೆ ಪಡೆದು ಹುಡುಕಿದಾಗ ರಿವೆಟ್ ಹೊಡೆದ ಅಲ್ಯೂಮಿನಿಯಂ ತುಂಡು, ಒಡೆದ ಮೀಟರ್ ಸಿಕ್ಕಿವೆ. ಎರಡನೇ ಮಹಾಯುದ್ಧದ ಯಾವ ವಿಮಾನದವು?

ಉತ್ತರ: ಉಜ್ಜಿ ಫಳಫಳ ಮಾಡಿಲ್ಲ ತಾನೇ? ಬಣ್ಣ ಹೋದರೆ ಅರ್ಧ ಸುಳಿವೇ ಹೋದಂತೆ. ಒಳಮೈ ಬೂದು-ಹಸಿರಾಗಿದ್ದರೆ ಬ್ರಿಟಿಷ್ ವಿಮಾನ, ಹಳದಿ-ಹಸಿರು ಜಿಂಕ್ ಕ್ರೋಮೇಟ್ (ತುಕ್ಕು ತಡೆಯುವ ಬಣ್ಣ) ಆಗಿದ್ದರೆ ಅಮೆರಿಕದ್ದು ಇರಬಹುದು. ಇದು ಬರೀ ಅಂದಾಜು. ನಾನು ಜಾಸ್ತಿ ನಂಬುವುದು ಅಚ್ಚೊತ್ತಿದ ಪಾರ್ಟ್ ನಂಬರನ್ನು. ಅದು 300ರಿಂದ ಶುರುವಾದರೆ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಇರಬಹುದು. ಅದನ್ನು ತಯಾರಿಸಿದ ಸೂಪರ್‌ಮರೀನ್ ಕಂಪನಿಯ ಲೆಕ್ಕದಲ್ಲಿ ಅದು ಟೈಪ್ 300. ಆದರೆ ಮೊದಲ ಮಾದರಿಗೆ ಮಾಡಿದ ಎಷ್ಟೋ ಭಾಗಗಳು ಮುಂದಿನ ಮಾದರಿಗಳಲ್ಲೂ ಇದ್ದವು, ಹಾಗಾಗಿ ಯಾವ ಮಾದರಿ ಅಂತ ಇದರಿಂದಲೇ ಹೇಳಲಾಗದು. 'ಎಜಿಎಸ್' ಅಂತಿದ್ದರೆ ಸುಮ್ನೆ ಹಿಗ್ಗಬೇಡಿ. ಅದು ಬೇರೆ ಬೇರೆ ಬ್ರಿಟಿಷ್ ವಿಮಾನಗಳಿಗೆ ಹಾಕುತ್ತಿದ್ದ ಬೋಲ್ಟು, ನಟ್ಟುಗಳ ಗುರುತು.

ಮೀಟರಿನ ಮೇಲೆ ಕಿರೀಟ, ಅದರ ಕೆಳಗೆ 'ಎಎಂ' ಇದ್ದರೆ ಅದು ಬ್ರಿಟಿಷ್ ವಾಯು ಸಚಿವಾಲಯದ್ದು. ಒಂದೇ ಬಗೆಯ ಮೀಟರ್ ಹಲವು ವಿಮಾನಗಳಲ್ಲಿ ಇರುತ್ತಿತ್ತು, ಹಾಗಾಗಿ ವಿಮಾನದ ಹೆಸರು ಅದರಿಂದ ಸಿಗುವುದು ಕಷ್ಟ. ಮುಳ್ಳು, ಅಂಕಿಗಳ ಬಣ್ಣದಲ್ಲಿ, ಕತ್ತಲಲ್ಲಿ ಹೊಳೆಯಲೆಂದು ಹಾಕುತ್ತಿದ್ದ ರೇಡಿಯಂ ಇರಬಹುದು. ಹೊಳೆಯದಿದ್ದರೂ ವಿಕಿರಣ ಇರುತ್ತದೆ. ಕೆರೆಯಬೇಡಿ, ಪುಡಿ ಒಳಗೆ ಹೋಗಬಾರದು; ಚೀಲದಲ್ಲಿ ಮುಚ್ಚಿಡಿ.

ಇನ್ನೊಂದು ಮಾತು. ಅಲ್ಲಿ ಸೇನಾ ವಿಮಾನ ಬಿದ್ದಿದ್ದರೆ, ಸೇನಾ ಅವಶೇಷಗಳನ್ನು ರಕ್ಷಿಸುವ ಬ್ರಿಟನ್ನಿನ 1986ರ ಕಾಯ್ದೆಯ ಪ್ರಕಾರ ರಕ್ಷಣಾ ಸಚಿವಾಲಯದ ಲೈಸೆನ್ಸ್ ಇಲ್ಲದೆ ಅಗೆಯುವಂತಿಲ್ಲ. ಜಮೀನಿನವರ ಒಪ್ಪಿಗೆಯೊಂದೇ ಸಾಲದು.