ದೀಪಾವಳಿ ರಜೆಯ ಕಯಾಕಿಂಗ್: ಊಟ ಮುಗಿಸಿ ಅಳಿವೆಯ ಕಡೆ ಹೊರಡಬೇಡಿ

ದೀಪಾವಳಿ ರಜೆಗೆ ಇಂಟೆಕ್ಸ್ ಕೆ2 ಎಂಬ ಗಾಳಿ ತುಂಬುವ ಕಯಾಕ್ ತೆಗೆದುಕೊಂಡು ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ ಸೀತಾನದಿಗೆ ಇಳಿದು, ಮಧ್ಯಾಹ್ನದ ಊಟದ ನಂತರ ಕೋಡಿ ಬೆಂಗ್ರೆಯ ಅಳಿವೆಯವರೆಗೆ ಹೋಗಿ, ಸೂರ್ಯಾಸ್ತ ನೋಡಿಕೊಂಡು ಹಿಂದಿರುಗುವುದಾಗಿ ಬರೆದಿದ್ದೀರಿ. ಸ್ಥಳದ ಆಯ್ಕೆ ಚೆನ್ನಾಗಿದೆ. ನವರಾತ್ರಿಯಿಂದ ಕಾರ್ತಿಕ ಮುಗಿಯುವವರೆಗೆ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹುಟ್ಟು ಹಾಕುವುದಕ್ಕಿಂತ ಹಿತವಾದುದು ನಮ್ಮ ರಾಜ್ಯದಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನೀವು ಆರಿಸಿಕೊಂಡಿರುವ ಹೊತ್ತೂ ದಿಕ್ಕೂ ಎರಡೂ ತಪ್ಪು. ಇದೇ ಯೋಜನೆಯಲ್ಲಿ ಹೊರಟ ನಮ್ಮ ತಂಡ ಒಮ್ಮೆ ಮೀನುಗಾರರ ದೋಣಿಗೆ ಹಗ್ಗ ಕಟ್ಟಿಸಿಕೊಂಡು ಹಿಂದಿರುಗಿತ್ತು.

ದೀಪಾವಳಿ ಬರುವುದೇ ಅಮಾವಾಸ್ಯೆಗೆ. ಹಾಗಾಗಿ ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯ ನಂತರದ ಒಂದೆರಡು ದಿನಗಳವರೆಗೆ ಉಬ್ಬರವಿಳಿತ ಜೋರಾಗಿಯೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸುಮಾರಾಗಿ ಬೆಳಿಗ್ಗೆ 11ರಿಂದ 12ರ ಒಳಗೆ ನೀರು ತುಂಬಿ ನಿಲ್ಲುತ್ತದೆ, ಅಲ್ಲಿಂದ ಸಂಜೆ ಐದಾರು ಗಂಟೆಯವರೆಗೆ ಇಳಿಯುತ್ತದೆ. ಅಂದರೆ ನೀವು ಊಟ ಮುಗಿಸಿ ಹೊರಡುವ ಹೊತ್ತಿಗೆ ಇಳಿತದ ಸೆಳೆತ ಏರುತ್ತಿರುತ್ತದೆ. ಹೋಗುವಾಗ ದೋಣಿ ತಾನಾಗಿಯೇ ಓಡುವುದರಿಂದ ಎಲ್ಲರಿಗೂ ತಮ್ಮ ತೋಳಿನ ಮೇಲೆ ಅಭಿಮಾನ ಹುಟ್ಟುತ್ತದೆ. ತಿರುಗಿಸಿದ ಮೇಲೆಯೇ ನಿಜ ಸ್ಥಿತಿ ತಿಳಿಯುವುದು. ಅದರಲ್ಲೂ ಕೋಡಿ ಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ಎರಡೂ ಒಂದೇ ಬಾಯಿಯಿಂದ ಸಮುದ್ರ ಸೇರುತ್ತವೆ. ಮಳೆಗಾಲದ ಶೇಷ ನೀರು, ಎರಡು ನದಿಗಳ ಇಳಿತ, ಎದುರಿನಿಂದ ಬರುವ ಅಲೆ, ಇವೆಲ್ಲ ಮರಳದಿಣ್ಣೆಯ ಮೇಲೆ ಕೂಡುವ ಜಾಗಕ್ಕೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಸಾಹಸವಲ್ಲ, ಅವಿವೇಕ.

ಇದಕ್ಕೆ ತದ್ವಿರುದ್ಧವಾಗಿ ಮಾಡಿ. ಅಭ್ಯಂಜನ ಮುಗಿಸಿ ಏಳು ಗಂಟೆಗೆ ನೀರಿಗಿಳಿದು, ಏರುವ ನೀರಿನೊಂದಿಗೆ ಬಾರಕೂರಿನ ಕಡೆಗೆ, ಅಂದರೆ ಸಮುದ್ರಕ್ಕೆ ಬೆನ್ನು ಹಾಕಿ ಸಾಗಿ. ನೀರು ನಿಂತಾಗ ತಿರುಗಿ, ಇಳಿತ ಶುರುವಾಗುತ್ತಿದ್ದಂತೆ ಬಂದ ಜಾಗಕ್ಕೆ ಮರಳಿ. ದಣಿದರೂ ನೀರೇ ನಿಮ್ಮನ್ನು ಕಾರಿನ ಬಳಿಗೆ ತಂದು ಬಿಡುತ್ತದೆ. ಸಾಗರ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ಉಬ್ಬರವಿಳಿತದ ಪಟ್ಟಿಯನ್ನು ಹಿಂದಿನ ರಾತ್ರಿ ನೋಡಿಕೊಳ್ಳಿ. ಆದರೆ ಪಟ್ಟಿಯಲ್ಲಿರುವುದು ಬಂದರಿನ ವೇಳೆ; ನದಿಯೊಳಗೆ ಮೇಲೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೂ ಹೋಗುತ್ತದೆ.

ಆದ್ದರಿಂದ ನಾನು ದಡದಲ್ಲಿಯೇ ಎರಡು ಪರೀಕ್ಷೆ ಮಾಡದೆ ಎಲ್ಲಿಯೂ ಇಳಿಯುವುದಿಲ್ಲ. ಮೊದಲು ನೀರಿನಂಚಿನ ಕೆಸರಿನಲ್ಲಿ ಒಂದು ಕೋಲು ಚುಚ್ಚಿ, ನೀರು ಮುಟ್ಟಿದ ಮಟ್ಟಕ್ಕೆ ಬಾಳೆನಾರು ಕಟ್ಟುತ್ತೇನೆ. ದೋಣಿಗೆ ಗಾಳಿ ತುಂಬಿ ಮುಗಿಸುವ ಹೊತ್ತಿಗೆ ನಾರು ಮುಳುಗಿದೆಯೋ ಮೇಲೆ ಉಳಿದಿದೆಯೋ ಎಂಬುದು ತಿಳಿಯುತ್ತದೆ. ಬಳಿಕ ನೆನೆದು ಭಾರವಾದ ತೆಂಗಿನ ಸಿಪ್ಪೆಯೊಂದನ್ನು ಸಾಧ್ಯವಾದಷ್ಟು ನದಿಯ ನಡುವಿಗೆ ಎಸೆದು, ಅದರ ಜೊತೆಗೇ ದಡದಲ್ಲಿ ನಡೆಯುತ್ತೇನೆ. ಒಣಸಿಪ್ಪೆ ಬೇಡ, ಅದನ್ನು ಗಾಳಿ ತಳ್ಳುತ್ತದೆ. ನಿಮ್ಮ ಸಹಜ ನಡಿಗೆಯ ವೇಗದಲ್ಲಿ ಸಿಪ್ಪೆ ಹೋಗುತ್ತಿದ್ದರೆ ಅದಕ್ಕೆ ಎದುರಾಗಿ ಹುಟ್ಟು ಹಾಕಿ ನೀವು ಮುಂದೆ ಹೋಗಲಾರಿರಿ, ಏಕೆಂದರೆ ಹವ್ಯಾಸಿಯ ಕಯಾಕ್ ಸಾಗುವುದೂ ಹೆಚ್ಚುಕಡಿಮೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ಎರಡೂ ಪರೀಕ್ಷೆ ಏಕೆ ಬೇಕೆಂದರೆ, ಅಕ್ಟೋಬರಿನಲ್ಲಿ ಕೋಲು ನೀರು ಏರುತ್ತಿದೆ ಎನ್ನುವಾಗಲೇ ಸಿಪ್ಪೆ ಸಮುದ್ರದ ಕಡೆ ಹೋಗುವುದುಂಟು. ಉಪ್ಪುನೀರು ಭಾರವಾದ್ದರಿಂದ ತಳದಲ್ಲಿ ಒಳಗೆ ನುಗ್ಗುತ್ತಿರುತ್ತದೆ, ಮೇಲಿನ ಸಿಹಿನೀರು ಇನ್ನೂ ಹೊರಗೆ ಹರಿಯುತ್ತಿರುತ್ತದೆ. ನಿಮ್ಮ ದೋಣಿ ತೇಲುವುದು ಮೇಲಿನ ಪದರದಲ್ಲಿ ಎಂಬುದನ್ನು ಮರೆಯಬೇಡಿ. ಕೋಲೂ ಸಿಪ್ಪೆಯೂ ಒಂದೇ ಮಾತು ಹೇಳುವವರೆಗೆ ಕಾಯಿರಿ.

ಸೀತಾನದಿ ಹುಟ್ಟುವುದು ಆಗುಂಬೆಯ ಕಡೆಯ ಘಟ್ಟದಲ್ಲಿ. ಹಿಂಗಾರಿನ ಗುಡುಗುಮಳೆ ಅಲ್ಲಿ ಹಿಂದಿನ ಸಂಜೆ ಸುರಿದಿದ್ದರೆ, ಸಾಲಿಗ್ರಾಮದಲ್ಲಿ ಬಿಸಿಲಿದ್ದರೂ ನೀರು ಕೆಂಪಾಗಿ ಸೊಪ್ಪು, ಕಡ್ಡಿಗಳೊಂದಿಗೆ ಬರಬಹುದು. ಹಾಗೆ ಕಂಡರೆ ಆ ದಿನ ಬಿಟ್ಟುಬಿಡಿ. ಅರಬ್ಬಿ ಸಮುದ್ರದ ಚಂಡಮಾರುತಗಳಿಗೂ ಇದು ಕಾಲ. 2019ರಲ್ಲಿ ‘ಕ್ಯಾರ್’ ಎದ್ದದ್ದು ಸರಿಯಾಗಿ ದೀಪಾವಳಿಯ ವಾರದಲ್ಲಿ.

ಕೆ2 ಬಗ್ಗೆ ಕೇಳಿದ್ದೀರಿ. ನಿಂತ ನೀರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಸ್ಕೆಗ್ ಎಂಬ ತಳದ ರೆಕ್ಕೆಯನ್ನು ಮನೆಯಲ್ಲಿ ಬಿಟ್ಟು ಬಂದರೆ ಅಡ್ಡಗಾಳಿಗೆ ಗಿರಕಿ ಹೊಡೆಯುತ್ತದೆ. ಕಾಂಡ್ಲಾ ಬೇರುಗಳಿಗೆ ಸಿಂಪಿಚಿಪ್ಪು ಅಂಟಿಕೊಂಡು ಬ್ಲೇಡಿನಂತೆ ಇರುತ್ತದೆ. ಬೇರು ಹಿಡಿದು ದೋಣಿ ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ, ದೋಣಿಯೂ ಉಳಿಯದು, ಅಂಗೈಯೂ ಉಳಿಯದು. ಡೆಕಾತ್ಲಾನ್‌ನಲ್ಲಿ ಸಿಗುವ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಲೈಫ್ ಜಾಕೆಟ್ ಈಜು ಬಲ್ಲವರಿಗೆ ಸಾಕು. ಈಜು ಬಾರದವರಿಗೆ 100 ನ್ಯೂಟನ್‌ನದೇ ಬೇಕು, ಮಕ್ಕಳದಕ್ಕೆ ಕಾಲುಸಂದಿನ ಪಟ್ಟಿ ಇರಲೇಬೇಕು. ಬಿಸಿಲೆಂದು ಜಾಕೆಟ್ಟನ್ನು ದಿಂಬು ಮಾಡಿಕೊಂಡ ಚಿತ್ರಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಮೇಲಕ್ಕೆ ಹೋಗುವಾಗ ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ತಗ್ಗು ಒಡ್ಡು) ಕಂಡರೆ ದೂರದಲ್ಲಿಯೇ ತಿರುಗಿ. ಹಲಗೆ ಹಾಕುವ ಮೊದಲು ಕಿಂಡಿಗಳಲ್ಲಿ ನೀರು ಹೀರಿಕೊಂಡು ಹೋಗುತ್ತಿರುತ್ತದೆ. ಹೊನ್ನಾವರದ ಶರಾವತಿ ಕಾಂಡ್ಲಾಕ್ಕೂ ಇದೇ ಲೆಕ್ಕ, ಜೊತೆಗೆ ಗೇರುಸೊಪ್ಪೆಯಿಂದ ಬಿಡುವ ನೀರನ್ನು ವಿಚಾರಿಸಿಕೊಳ್ಳಬೇಕು. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ, ಸ್ಥಳೀಯರಿಲ್ಲದೆ ಸ್ವಂತ ದೋಣಿ ಇಳಿಸುವ ಮಾತೇ ಬೇಡ.

ಹಬ್ಬದಲ್ಲಿ ಬೆಳಿಗ್ಗೆ ಹೊರಡುವುದು ಆಗದ ಕೆಲಸವೆಂದಾದರೆ, ಪ್ರವಾಸವನ್ನು ಒಂದು ವಾರ ಮುಂದೂಡಿ ಅಷ್ಟಮಿಯ ಸುಮಾರಿಗೆ ಬನ್ನಿ. ಆಗ ಉಬ್ಬರವಿಳಿತ ಸಣ್ಣದು, ಮಧ್ಯಾಹ್ನದ ಮೇಲೆ ನೀರು ಏರುವ ಸರದಿ. ನಿಮಗೆ ಬೇಕಾದ ಸಂಜೆಯ ಬೆಳಕು ಬಾರಕೂರಿನ ಕಡೆಯಿಂದ ಮರಳುವಾಗಲೂ ಸಿಗುತ್ತದೆ, ಅಳಿವೆಗೆ ಹೋಗಬೇಕಿಲ್ಲ.